ಫೋಟೋಗೆ ಒಪ್ಪಿದವರು ಊರಿಗೆ ತಿಳಿಯಲೆಂದು ಒಪ್ಪಿದ್ದರೇ?

ಪ್ರಶ್ನೆ: ನಾನು ಮುಂಬಯಿ ಪಕ್ಕದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಫೋರ್ಟ್‌ನಲ್ಲಿ ಕೆಲಸ. ಒಂದೂವರೆ ವರ್ಷದಿಂದ ಮುಂಬಯಿಯ ಕನ್ನಡಿಗರ ಫೋಟೋ ತೆಗೆದು, ಅವರ ಕತೆಯನ್ನು ಅವರ ಮಾತಿನಲ್ಲೇ ಬರೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದೇನೆ. ಎಲ್ಲರೂ ಅಪರಿಚಿತರು, ರಸ್ತೆಯಲ್ಲಿ ಸಿಕ್ಕವರು. ಹೋದ ತಿಂಗಳು ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ಹಾರ ಕಟ್ಟುವ ಒಬ್ಬರ ಕತೆ ಹಾಕಿದೆ. ತಂಗಿಯ ಮದುವೆಗೆ ಮಾಡಿದ ಸಾಲ, ನಾಲ್ಕು ವರ್ಷದಿಂದ ಊರಿಗೆ ಹೋಗದೇ ಇರುವುದು, ಎಲ್ಲವನ್ನೂ ಅವರೇ ಹೇಳಿದ್ದರು. ಫೋಟೋಗೆ ನಗುನಗುತ್ತಾ ನಿಂತಿದ್ದರು. ಎರಡೇ ದಿನದಲ್ಲಿ ಅದು ಅವರ ಊರಿನ ವಾಟ್ಸಾಪ್ ಗುಂಪಿಗೆ ಹೋಯಿತು. ತಂಗಿಯ ಗಂಡನ ಮನೆಯವರೂ ನೋಡಿದರು. ‘ಅಕ್ಕಾರ, ಅದನ್ನ ತಗೀರಿ’ ಎಂದು ಫೋನ್ ಮಾಡಿದರು. ಕೂಡಲೇ ತೆಗೆದೆ. ಅಷ್ಟರಲ್ಲಿ ಬೇರೊಂದು ಪೇಜಿನವರು ಅದನ್ನು ಕದ್ದು, ಅಳುವ ಸಂಗೀತ ಸೇರಿಸಿ ರೀಲ್ ಮಾಡಿದ್ದಾರೆ. ಒಪ್ಪಿಗೆ ಕೇಳಿಯೇ ಹಾಕಿದ್ದೆ. ಹಾಗಾದರೆ ನನ್ನ ತಪ್ಪು ಎಲ್ಲಿ? ಕಾನೂನು ಏನು ಹೇಳುತ್ತದೆ? ಇಂಥವರಿಗೆ ದುಡ್ಡು ಕೊಡಬೇಕೇ? ಈಗ ಕ್ಯಾಮೆರಾ ಎತ್ತಲು ಕೈ ಬರುತ್ತಿಲ್ಲ. ಪೇಜ್ ನಿಲ್ಲಿಸಿಬಿಡಲೇ?

ಉತ್ತರ: ಪೇಜ್ ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಕೊನೆಯ ಸಾಲು ಓದಿದಾಗ ನೀವು ಅರ್ಧ ನಿಲ್ಲಿಸಿಯೇ ಆಗಿದೆ ಅನ್ನಿಸಿತು. ತಪ್ಪಾಗಿದೆ, ಹೌದು. ಬೇರೆ ಊರಿನವರ ಅಳತೆಗೆ ಹೊಲಿದ ಅಂಗಿಯನ್ನು ನಮ್ಮವರಿಗೆ ತೊಡಿಸಲು ಹೋಗಿದ್ದೀರಿ. ಅಲ್ಲೇ ಹರಿದದ್ದು.

ಆ ಅಂಗಿ ಹೊಲಿದದ್ದು ನ್ಯೂಯಾರ್ಕಿನಲ್ಲಿ. ಶಿಕಾಗೋದಲ್ಲಿ ಕೆಲಸ ಕಳೆದುಕೊಂಡ ಬ್ರಾಂಡನ್ ಸ್ಟಾಂಟನ್ 2010ರಲ್ಲಿ ಆ ಊರಿಗೆ ಬಂದು, ಹತ್ತು ಸಾವಿರ ಜನರ ಫೋಟೋ ತೆಗೆದು ಊರಿನ ಒಂದು ನಕ್ಷೆಯ ಮೇಲೆ ಕೂರಿಸಬೇಕು ಎಂದು ಹೊರಟರು. ನಡುವೆ ಜನರ ಜೊತೆ ಮಾತು ಶುರುವಾಯಿತು, ಫೋಟೋದ ಕೆಳಗೆ ಆ ಮಾತಿನ ತುಣುಕು ಬಂತು. ಅದೇ ‘ಹ್ಯೂಮನ್ಸ್ ಆಫ್ ನ್ಯೂಯಾರ್ಕ್’. 2014ರಲ್ಲಿ ನಮ್ಮಲ್ಲಿ ‘ಹ್ಯೂಮನ್ಸ್ ಆಫ್ ಬಾಂಬೆ’ ಬಂತು. ಆಮೇಲೆ ಊರಿಗೊಂದು, ಗಲ್ಲಿಗೊಂದು. ಅಚ್ಚು ಮಾತ್ರ ಒಂದೇ: ಒಂದು ಮುಖ, ‘ನಾನು’ ಎಂದು ಶುರುವಾಗುವ ಕತೆ, ಹೆಸರಿಲ್ಲ.

ನ್ಯೂಯಾರ್ಕಿನಲ್ಲಿ ಹೆಸರು ಬಿಟ್ಟರೆ ಸಾಕು, ಆ ಮನುಷ್ಯ ಯಾರೋ ಒಬ್ಬ ಆಗಿಬಿಡುತ್ತಾನೆ. ಓದುವವರು ಬ್ರೆಜಿಲ್‌ನಲ್ಲೋ ಜಪಾನಿನಲ್ಲೋ ಕೂತಿರುತ್ತಾರೆ. ನಿಮ್ಮ ಪೇಜನ್ನು ಯಾರು ಓದುತ್ತಾರೆ? ಮುಲುಂಡ್, ಭಾಂಡುಪ್, ನಾಲಾಸೊಪಾರಾದ ಕನ್ನಡಿಗರು. ಅವರ ಮೂಲಕ ಕುಂದಾಪುರ, ಕಾರ್ಕಳ, ಇಂಡಿ, ಆಳಂದ. ಹೆಸರು ಇಲ್ಲದಿದ್ದರೂ ಮುಖ ಗೊತ್ತಾಗುತ್ತದೆ. ಮುಖ ಗೊತ್ತಾಗದಿದ್ದರೆ ಮಾತಿನ ಧಾಟಿಯಲ್ಲೇ ‘ಇಂವಾ ನಮ್ಮ ಕಡಿಯಾಂವ’ ಎಂದು ಹಿಡಿಯುತ್ತಾರೆ. ಇಂಗ್ಲಿಷಿನಲ್ಲಿ ಹಾಕಿದ ಕತೆ ಲೋಕಕ್ಕೆ ಹೋಗುತ್ತದೆ. ಕನ್ನಡದಲ್ಲಿ ಹಾಕಿದ ಕತೆ ಊರಿಗೆ ಹೋಗುತ್ತದೆ. ಅವರು ನಿಮಗೆ ಅಪರಿಚಿತರು, ನಿಮ್ಮ ಓದುಗರಿಗೆ ಅಲ್ಲ.

ಇನ್ನೊಂದು ಮಾತು. ಈ ಶಹರಕ್ಕೆ ಬಂದವರಲ್ಲಿ ಎಷ್ಟೋ ಜನ ದುಡಿಯಲು ಬಂದ ಹಾಗೆಯೇ, ಯಾರ ಕಣ್ಣಿಗೂ ಬೀಳದೆ ಇರಲೂ ಬಂದವರು. ಊರಲ್ಲಿ ಮಾಡಲಾಗದ ಕೆಲಸ ಇಲ್ಲಿ ಮಾಡುತ್ತಾರೆ. ಊರಿಗೆ ಹೋಗುವಾಗ ಬೇರೆ ಅಂಗಿ ಹಾಕಿಕೊಂಡು ಹೋಗುತ್ತಾರೆ. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಅದು ಅವರ ಮರ್ಯಾದೆಯ ಲೆಕ್ಕ.

ಇದನ್ನು ನಾನು ಬುದ್ಧಿವಂತಿಕೆಯಿಂದ ಕಲಿಯಲಿಲ್ಲ. ತೊಂಬತ್ತರ ದಶಕದಲ್ಲಿ, ಕೊಂಕಣ ರೈಲು ಇನ್ನೂ ಪೂರ್ತಿ ಓಡದಿದ್ದ ಕಾಲದಲ್ಲಿ, ಒಂದು ಸಂಘದ ಸ್ಮರಣ ಸಂಚಿಕೆಗೆ ಉಡುಪಿ ಹೋಟೆಲುಗಳ ರಾತ್ರಿಯ ಫೋಟೋ ತೆಗೆಯುತ್ತಿದ್ದೆ. ಶಟರ್ ಅರ್ಧ ಎಳೆದಿತ್ತು. ಮಾಣಿಗಳು ಟೇಬಲ್ ಜೋಡಿಸಿ ಹಾಸಿಗೆ ಹಾಸುತ್ತಿದ್ದರು. ಹಿಂದೆ ಅಡುಗೆಮನೆಯಲ್ಲಿ ಐವತ್ತು ದಾಟಿದ ಒಬ್ಬರು ಸಾಂಬಾರಿನ ಕೊಪ್ಪರಿಗೆಯನ್ನು ಮಗ್ಗುಲಿಗೆ ಮಲಗಿಸಿ, ಅದರೊಳಗೆ ಸೊಂಟದವರೆಗೆ ಹೊಕ್ಕು ತೊಳೆಯುತ್ತಿದ್ದರು. ಕರೆದೆ. ತಲೆ ಹೊರಗೆ ತಂದು ನಕ್ಕರು. ಕ್ಲಿಕ್ ಮಾಡಿದೆ. ‘ಹಾಕಬಹುದಾ?’ ಎಂದು ಕೇಳಿದೆ. ‘ಹಾಕಿನಿ ಮಾರಾಯ್ರೆ’ ಎಂದರು. ಒಪ್ಪಿಗೆ ಸಿಕ್ಕಿತಲ್ಲ ಎಂದು ಖುಷಿಯಾಗಿ ಬಂದೆ.

ಸಂಚಿಕೆ ಯಾರದೋ ಚೀಲದಲ್ಲಿ ಬಸ್ಸು ಹತ್ತಿ ಕುಂದಾಪುರ ಮುಟ್ಟಲು ಎರಡು ತಿಂಗಳು ಹಿಡಿಯಿತು. ಆ ಮನುಷ್ಯ ಊರಿನಲ್ಲಿ ಹೇಳಿಕೊಂಡದ್ದು ತಾನು ಗಲ್ಲಾದ ಮೇಲೆ ಕೂರುತ್ತೇನೆ ಎಂದು. ಹದಿನೆಂಟು ವರ್ಷದಿಂದ ಅದನ್ನೇ ಹೇಳಿದ್ದರು. ಮುಂದೊಮ್ಮೆ ಆ ಹೋಟೆಲಿಗೆ ಹೋದಾಗ ಅವರೇ ಚಹಾ ತಂದಿಟ್ಟರು. ‘ಫೋಟೋ ಚಂದ ಬಂದಿತ್ ಮಾರಾಯ್ರೆ. ಊರಂಗೆ ಎಲ್ರೂ ಕಂಡ್ರ್’ ಎಂದರು. ಅಷ್ಟೇ. ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ.

ನನ್ನ ಸಂಚಿಕೆಗೆ ಎರಡು ತಿಂಗಳು ಬೇಕಾಯಿತು, ನಿಮ್ಮ ಪೋಸ್ಟಿಗೆ ಎರಡು ದಿನ.

ಈಗ ನಿಮ್ಮ ಒಪ್ಪಿಗೆಯ ವಿಷಯ. ‘ಒಪ್ಪಿಗೆ ಕೇಳಿಯೇ ಹಾಕಿದ್ದೆ’ ಅಂದಿರಿ. ಯಾವುದಕ್ಕೆ ಕೇಳಿದ್ದು? ಫೋಟೋ ತೆಗೆಯಲು ಒಪ್ಪುವುದು ಒಂದು. ಕೂತು ಕತೆ ಹೇಳಲು ಒಪ್ಪುವುದು ಎರಡನೆಯದು. ಅದು ನಿಮಗೆ ಹೇಳಿದ್ದು, ನೀವು ಎದುರಿಗೆ ಕೂತು ಹೂಂಗುಟ್ಟಿದ್ದಕ್ಕೆ ಹೇಳಿದ್ದು. ಆ ಮುಖ ಮತ್ತು ಆ ಕತೆ ಎರಡನ್ನೂ ಒಟ್ಟಿಗೆ ಕಟ್ಟಿ ಸಾವಿರ ಜನರ ಮುಂದಿಡಲು ಒಪ್ಪುವುದು ಮೂರನೆಯದು. ಮೊದಲನೆಯದು ಸಿಕ್ಕಿತು ಎಂದು ಮೂರನೆಯದನ್ನೂ ಎತ್ತಿಕೊಂಡರೆ, ಬಾಡಿಗೆಗೆ ಪಡೆದ ಮನೆಯನ್ನು ಮಾರಿದ ಹಾಗೆ.

ನಮ್ಮ ಜನ ಎದುರಿಗೆ ‘ಬೇಡ’ ಅನ್ನುವುದು ಕಡಿಮೆ. ಅದರಲ್ಲೂ ಕೈಯಲ್ಲಿ ಕ್ಯಾಮೆರಾ ಹಿಡಿದ, ಆಫೀಸಿನ ಬಟ್ಟೆಯ, ಕನ್ನಡ ಮಾತಾಡುವ ಹುಡುಗಿಗೆ ಬೇಡ ಅನ್ನುವುದು ಹೇಗೆ? ಹಾಗಾಗಿ ‘ಹಾಕಬಹುದಾ?’ ಎಂದು ಕೇಳುವುದನ್ನೇ ನಾನು ಬಿಟ್ಟಿದ್ದೇನೆ. ಅದರ ಬದಲು, ‘ಇದನ್ನ ನಿಮ್ಮ ಊರಲ್ಲಿ ಯಾರು ನೋಡಬಾರದು?’ ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಸುಮ್ನೆ ತಲೆಯಾಡಿಸಲು ಆಗುವುದಿಲ್ಲ. ಒಂದು ನಿಮಿಷ ಯೋಚಿಸುತ್ತಾರೆ. ಕೆಲವರು ನಗುತ್ತಾರೆ: ‘ಯಾರ್ ನೋಡಿದ್ರೇನ್ರೀ.’ ಕೆಲವರು ಥಟ್ಟನೆ ಮುಖ ಗಂಭೀರ ಮಾಡುತ್ತಾರೆ. ಆಗ ಕ್ಯಾಮೆರಾ ಚೀಲದೊಳಗೆ ಹೋಗುತ್ತದೆ, ಮಾತು ಮುಂದುವರಿಯುತ್ತದೆ.

ಬರೆದ ಮೇಲೆ ಅವರಿಗೆ ಓದಿ ಹೇಳಿ. ಕಳಿಸಿಕೊಡುವುದಲ್ಲ, ಗಟ್ಟಿಯಾಗಿ ಓದಿ ಹೇಳುವುದು. ಕೆಲವರಿಗೆ ಓದು ಬರುವುದಿಲ್ಲ. ಇಲ್ಲೇ ಹುಟ್ಟಿದ ಮೂರನೇ ತಲೆಮಾರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಓದು ಬಂದರೂ ಫೋನಿನಲ್ಲಿ ಕಳಿಸಿದ್ದಕ್ಕೆ ಹೆಬ್ಬೆರಳು ಎತ್ತಿ ಕಳಿಸಿಬಿಡುತ್ತಾರೆ. ಒಮ್ಮೆ ಮೀರಾ ರೋಡಿನ ಒಂದು ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರುವ ಹೆಂಗಸಿನ ಕತೆ ಬರೆದಿದ್ದೆ. ಇಂಡಿ ಕಡೆಯವರು. ಎರಡನೇ ಸಲ ಹೋಗಿ, ಮರಳಿನ ಗುಡ್ಡೆಯ ಪಕ್ಕ ಕೂತು ಓದಿ ಹೇಳಿದೆ. ರೊಟ್ಟಿ ಬಿಚ್ಚಿಕೊಂಡು ಕೇಳುತ್ತಿದ್ದರು. ಮಳೆ ಬರದ ವರ್ಷ, ಮಾರಿದ ಎತ್ತು, ಕಲ್ಯಾಣ್ ಸ್ಟೇಷನ್ನಿನಲ್ಲಿ ಕಳೆದ ರಾತ್ರಿ, ಎಲ್ಲದಕ್ಕೂ ಹೌದ್ರೀ ಹೌದ್ರೀ ಅನ್ನುತ್ತಾ ಬಂದವರು ಒಂದು ಸಾಲಿಗೆ ಕೈ ಅಡ್ಡ ಹಿಡಿದರು. ‘ಅಂವಾ ಕುಡೀತಾನ ಅನ್ನೋದ ತಗೀರಿ. ಮಗಳಿಗಿ ವರಾ ನೋಡಾಕತ್ತೇವಿ.’ ನನ್ನ ಪ್ರಕಾರ ಇಡೀ ಬರಹದಲ್ಲಿ ಗಟ್ಟಿ ಸಾಲು ಅದೇ ಆಗಿತ್ತು. ತೆಗೆದೆ. ಬರಹ ಸ್ವಲ್ಪ ಸಪ್ಪೆಯಾಯಿತು. ಆಗಲಿ.

ಓದಿ ಹೇಳಿದ ದಿನವೇ ಹಾಕಬೇಡಿ. ಎರಡು ರಾತ್ರಿ ಬಿಡಿ. ನಿಮ್ಮ ಫೋನ್ ನಂಬರ್ ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ. ಮನೆಯವರ ಜೊತೆ ಮಾತಾಡಿ, ಬೇಡ ಅನ್ನಿಸಿದರೆ ಮಿಸ್ಡ್ ಕಾಲ್ ಕೊಡಿ ಸಾಕು, ಯಾಕೆ ಅಂತ ಕೇಳಲ್ಲ ಅನ್ನಿ. ಎದುರಿಗೆ ಹೇಳಲಾಗದ ‘ಬೇಡ’ ಹೀಗೆ ಸುಲಭವಾಗಿ ಬರುತ್ತದೆ. ನನ್ನ ಅನುಭವದಲ್ಲಿ ಬರುವ ಮಿಸ್ಡ್ ಕಾಲ್ ಕಡಿಮೆ. ಬಂದವು ಮಾತ್ರ ಬರಲೇಬೇಕಾಗಿದ್ದವು.

ಫೋಟೋ ಅಳಿಸಿ ಅಂದರೆ ಅವರ ಎದುರಿಗೇ ಅಳಿಸಿ. ಫೋನಿನಲ್ಲಿ ತೆಗೆದದ್ದಾದರೆ ಅಳಿಸಿದ ಮೇಲೂ ಕಸದ ಬುಟ್ಟಿಯಲ್ಲಿ ತಿಂಗಳವರೆಗೆ ಇರುತ್ತದೆ. ಅಲ್ಲಿಂದಲೂ ತೆಗೆದು ತೋರಿಸಿ.

ಯಾವಾಗ, ಎಲ್ಲಿ ಕ್ಯಾಮೆರಾ ಎತ್ತಬೇಕು ಎನ್ನುವುದೂ ಇದೆ. ಕೂಲಿಗಾಗಿ ಜನ ಕಾದು ನಿಲ್ಲುವ ನಾಕಾಗಳನ್ನು ನೋಡಿದ್ದೀರಲ್ಲ? ಬೆಳಿಗ್ಗೆ ಎಂಟರ ಹೊತ್ತಿಗೆ ಕರಣಿ, ಬಣ್ಣದ ಬ್ರಷ್, ಬುಟ್ಟಿ ಹಿಡಿದು ನಿಂತಿರುತ್ತಾರೆ. ನಮ್ಮ ಕಲಬುರಗಿ, ವಿಜಯಪುರ ಕಡೆಯವರೂ ಇರುತ್ತಾರೆ. ಎಂಟಕ್ಕೆ ಹೋಗಿ ಮಾತಾಡಿಸಿದರೆ ಆಳು ಕರೆದೊಯ್ಯುವ ಮುಕಾದಮ ಬಂದು ಬೇರೆಯವರನ್ನು ಕರೆದುಕೊಂಡು ಹೋಗುತ್ತಾನೆ. ನಿಮ್ಮ ಒಂದು ಪೋಸ್ಟಿಗೆ ಅವರ ಒಂದು ದಿನದ ಕೂಲಿ ಹೋಯಿತು. ಹನ್ನೊಂದಕ್ಕೆ ಹೋದರೆ ಬಿಡುವಾಗಿ ಸಿಗುತ್ತಾರೆ, ಆದರೆ ಹನ್ನೊಂದಕ್ಕೆ ಅಲ್ಲಿ ಉಳಿದವರೆಂದರೆ ಅಂದು ಕೆಲಸ ಸಿಗದವರು. ಆ ಮುಖಗಳು ಫೋಟೋದಲ್ಲಿ ತುಂಬಾ ‘ಚೆನ್ನಾಗಿ’ ಬರುತ್ತವೆ. ಅದಕ್ಕೇ ಬೇಡ ಅನ್ನುವುದು. ಭಾನುವಾರ ಸಂಜೆ ಅವರ ಖೋಲಿಯ ಹತ್ತಿರ ಹೋಗಿ. ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ, ತಾನು ಹೇಗೆ ಕಾಣಬೇಕು ಎಂದು ತಾನೇ ತೀರ್ಮಾನಿಸಿದ ಮನುಷ್ಯ ಸಿಗುತ್ತಾನೆ.

ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಹೊರಗಿನ ಫುಟ್‌ಪಾತ್ ಕುರಿತೂ ಹೇಳಬೇಕು. ಕರ್ನಾಟಕದಿಂದ ಬಂದ ರೋಗಿಗಳ ಮನೆಯವರು ಅಲ್ಲಿ ಕನ್ನಡದ ಒಂದು ಮಾತು ಕೇಳಿದರೆ ಸಾಕು, ಮನಸ್ಸು ಬಿಚ್ಚಿಡುತ್ತಾರೆ. ಅಂಥ ಹೊತ್ತಿನಲ್ಲಿ ಸಿಗುವ ‘ಹೂಂ’ ಒಪ್ಪಿಗೆಯಲ್ಲ, ಒಂಟಿತನ. ಅಲ್ಲಿ ಹೋಗಿ, ಕೂತುಕೊಳ್ಳಿ, ಮೆಡಿಕಲ್ ಸ್ಟೋರ್ ದಾರಿ ತೋರಿಸಿ, ಫಾರಂ ತುಂಬಿಕೊಡಿ. ಕ್ಯಾಮೆರಾ ಮನೆಯಲ್ಲಿರಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಮುಖವೇ ಬೇಕು ಎಂಬ ಹಟವನ್ನೂ ಸ್ವಲ್ಪ ಬಿಡಿ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಸರ್ರನೆ ಗುಡಿಸುವ ಕೈ. ಮೊಣಕೈವರೆಗಿನ ಸುಟ್ಟ ಕಲೆಗಳು. ಆ ಕೈಯ ಫೋಟೋಗೆ ಮುಖ ಬೇಕಾ? ಹೂವಿನ ಗಲ್ಲಿಯಲ್ಲಿ ಹಾರ ಕಟ್ಟುವವರ ಬೆರಳಿಗೆ ದಾರ ಕೊರೆದು ಆಗುವ ಗೆರೆ ನೋಡಿದ್ದೀರಾ? ನಿಮ್ಮ ಹೂವಿನವರ ಕತೆಯನ್ನು ಬರೀ ಆ ಬೆರಳಿನ ಫೋಟೋ ಜೊತೆ, ತಂಗಿಯ ಮದುವೆಯ ಮಾತು ಬಿಟ್ಟು ಹಾಕಿದ್ದರೆ ಇಂದು ನೀವು ನನಗೆ ಬರೆಯುತ್ತಿರಲಿಲ್ಲ. ಮುಖ ಇದ್ದರೆ ಗುಟ್ಟು ಬೇಡ. ಗುಟ್ಟು ಇದ್ದರೆ ಮುಖ ಬೇಡ. ಎರಡೂ ಬೇಕು ಅನ್ನುವವರು ಲೈಕ್ ಲೆಕ್ಕ ಹಾಕುತ್ತಿದ್ದಾರೆ ಅಂತ ನಾನು ತಿಳಿಯುತ್ತೇನೆ. (ನಾನೂ ಹಾಕಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡುವ ಚಟ ನನಗೂ ಇದೆ.)

ಮುಖ ಪ್ರಸಿದ್ಧವಾದರೆ ಏನಾಗುತ್ತದೆ ಎನ್ನುವುದಕ್ಕೆ ಫೋಟೋಗ್ರಫಿಯ ಚರಿತ್ರೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ನಿಪೋಮೋ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದರು. ಗಲ್ಲಕ್ಕೆ ಕೈ ಹಚ್ಚಿ ದೂರ ನೋಡುವ ತಾಯಿ, ಹೆಗಲಿಗೆ ಮುಖ ಮುಚ್ಚಿ ನಿಂತ ಮಕ್ಕಳು. ನೀವೂ ನೋಡಿರುತ್ತೀರಿ. ಲ್ಯಾಂಗ್ ಹೆಸರು ಕೇಳಲಿಲ್ಲ. ನಲವತ್ತು ವರ್ಷ ಆ ಮುಖ ಬಡತನದ ಗುರುತಾಗಿ ಲೋಕ ಸುತ್ತಿತು. ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಆ ಫೋಟೋ ತೆಗೆಯದೇ ಇದ್ದರೆ ಚೆನ್ನಾಗಿತ್ತು, ಅದರಿಂದ ನನಗೆ ಒಂದು ಕಾಸೂ ಬರಲಿಲ್ಲ ಎಂದು ಆಗ ಅವರು ಹೇಳಿದರು. ಲ್ಯಾಂಗ್ ಕೆಟ್ಟವರಲ್ಲ. ಆ ಫೋಟೋ ಬಂದ ಮೇಲೆ ಆ ಬಿಡಾರಕ್ಕೆ ಸರ್ಕಾರ ಆಹಾರ ಕಳಿಸಿತು. ಆದರೆ ಅಷ್ಟರಲ್ಲಿ ಥಾಂಪ್ಸನ್ ಮನೆಯವರು ಅಲ್ಲಿಂದ ಮುಂದಿನ ಕೆಲಸ ಹುಡುಕಿಕೊಂಡು ಹೋಗಿಯಾಗಿತ್ತು.

ಮಾತಾಡಿಸುವ ಬಗ್ಗೆ ಒಂದೆರಡು ವಿಷಯ. ನಿಮ್ಮ ಹಳೆಯ ಪೋಸ್ಟ್‌ಗಳನ್ನು ಓದಿದೆ. ಹೆಚ್ಚಿನವರು ಕಷ್ಟವನ್ನೇ ಹೇಳಿದ್ದಾರೆ. ನೀವು ಅದನ್ನೇ ಕೇಳಿರಬೇಕು. ‘ನಿಮ್ಮ ಜೀವನದ ದೊಡ್ಡ ಕಷ್ಟ ಯಾವುದು?’ ಎಂದರೆ ಯಾರಾದರೂ ಹಳೆಯ ಗಾಯ ಕೆರೆದು ತೋರಿಸುತ್ತಾರೆ. ಬದಲಿಗೆ ಸಣ್ಣದು ಕೇಳಿ. ಮುಂಬಯಿಗೆ ಬಂದ ದಿನ ಎಲ್ಲಿ ಇಳಿದಿರಿ? ಕೈಯಲ್ಲಿ ಏನಿತ್ತು? ಕಲಬುರಗಿಯವರಾದರೆ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಡಬ್ಬಿಯ ಕತೆ ಬರುತ್ತದೆ. ಕರಾವಳಿಯ ಹಿರಿಯರಾದರೆ 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವ ಮೊದಲಿನ ಬಸ್ಸು, ಘಾಟಿಯಲ್ಲಿ ವಾಂತಿ, ಲಿಂಬೆಹಣ್ಣು. ಮೊದಲ ಸಂಬಳದಲ್ಲಿ ಏನು ಕೊಂಡಿರಿ? ರಾತ್ರಿ ಶಾಲೆಗೆ ಹೋಗುವಾಗ ಹೋಟೆಲಿನಿಂದ ಎಷ್ಟು ಗಂಟೆಗೆ ಬಿಡುತ್ತಿದ್ದರು? ಇದನ್ನು ಹೇಳುವಾಗ ಜನರ ಮುಖ ಅರಳುತ್ತದೆ. ಕಷ್ಟ ತಾನಾಗಿ ಬಂದರೆ ಬರಲಿ, ನೀವಾಗಿ ತೋಡಬೇಡಿ.

ಅವರ ಮಾತನ್ನು ಅವರ ಧಾಟಿಯಲ್ಲೇ ಬರೆಯುತ್ತೀರಿ. ಅದು ನಿಮ್ಮ ಪೇಜಿನ ಜೀವ, ಬಿಡಬೇಡಿ. ಇಂಗ್ಲಿಷಿಗೆ ತಿರುಗಿಸಿದರೆ ಕುಂದಾಪುರದವರೂ ಇಂಡಿಯವರೂ ಒಂದೇ ಥರ ಮಾತಾಡತೊಡಗುತ್ತಾರೆ. ಆದರೆ ಧಾಟಿ ತಮಾಷೆಯ ವಸ್ತುವಾಗದಂತೆ ನೋಡಿಕೊಳ್ಳಿ. ಇನ್‌ಸ್ಟಾಗ್ರಾಂನಲ್ಲಿ ಕನ್ನಡದ ಕತೆಗೆ ಜಾಗ ಸಾಲದೆ ಹೋಗುವುದಕ್ಕೆ ಕಾರಣವೂ ಇದೆ. ಅಲ್ಲಿನ ಮಿತಿ 2,200 ಅಕ್ಷರ. ನಮ್ಮ ‘ಸ್ತ್ರೀ’ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿನೊಳಗೆ ಆರು. ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಹಾಗಾಗಿ ಉದ್ದದ ಕತೆಯನ್ನು ಚಿತ್ರದ ಮೇಲೆ ಬರೆದು ನಾಲ್ಕೈದು ಪುಟವಾಗಿ ಹಾಕಿ. ಅದರಲ್ಲಿ ಒಂದು ತೊಂದರೆ: ಪುಟವನ್ನು ಕತ್ತರಿಸಿ ಫಾರ್ವರ್ಡ್ ಮಾಡುವುದು ಸುಲಭ. ಆದ್ದರಿಂದ ಒಂದೊಂದು ಪುಟವೂ ಬಿಡಿಯಾಗಿ ಓದಿದರೆ ಯಾರಿಗೂ ನೋವಾಗದಂತಿರಬೇಕು.

ಕಾನೂನು. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯುವುದನ್ನು ಪೂರ್ತಿ ತಡೆಯುವ ಕಾನೂನು ನಮ್ಮಲ್ಲಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರಲ್ಲಿ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ, ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಆಗಬೇಕು. ಮನೆಮಟ್ಟಿನ ಬಳಕೆಗೆ ಅದರಲ್ಲಿ ವಿನಾಯಿತಿ ಇದೆ. ಸಾರ್ವಜನಿಕ ಪೇಜ್ ನಡೆಸುವವರು, ಅದರಲ್ಲೂ ಜಾಹೀರಾತು ತೆಗೆದುಕೊಳ್ಳುವವರು, ಆ ವಿನಾಯಿತಿಯನ್ನು ನಂಬಿ ಕೂರಬಾರದು. 18 ತುಂಬದವರಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಸಿಗ್ನಲ್‌ಗಳಲ್ಲಿ ಬಲೂನು ಮಾರುವ ಮಕ್ಕಳ ಫೋಟೋ ನಿಮ್ಮ ಪೇಜಿನಲ್ಲಿ ಎರಡಿವೆ. ಈ ಉತ್ತರ ಓದಿ ಮುಗಿಸುವ ಮೊದಲೇ ತೆಗೆದುಬಿಡಿ.

ಕದ್ದ ರೀಲ್ ವಿಷಯದಲ್ಲಿ ಕಾನೂನು ನಿಮ್ಮ ಕೈಗೆ ಒಂದು ಒಳ್ಳೆಯ ಆಯುಧ ಕೊಟ್ಟಿದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದು, ಫೋಟೋದಲ್ಲಿ ಇರುವವರದಲ್ಲ. ವಿಚಿತ್ರ, ಅಲ್ವಾ? ಮುಖ ಅವರದು, ಮಾಲೀಕರು ನೀವು. 2023ರಲ್ಲಿ ಇಂಥದೇ ಎರಡು ಪೇಜುಗಳ ಜಗಳ ದಿಲ್ಲಿ ಹೈಕೋರ್ಟಿಗೆ ಹೋದಾಗ ಕೋರ್ಟ್ ಹೇಳಿದ್ದೇನೆಂದರೆ, ಜನರ ಕತೆ ಹೇಳುವ ಪೇಜ್ ಎಂಬ ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ ಎಂದು. ಅಂದರೆ ನಿಮ್ಮ ಥರದ ಪೇಜನ್ನು ಯಾರು ಬೇಕಾದರೂ ಶುರು ಮಾಡಬಹುದು. ನಿಮ್ಮ ಫೋಟೋ ಎತ್ತುವಂತಿಲ್ಲ. ಹೂವಿನವರು ಇನ್‌ಸ್ಟಾಗ್ರಾಂಗೆ ಕಾಪಿರೈಟ್ ದೂರು ಕೊಡಲು ಬರುವುದಿಲ್ಲ, ನಿಮಗೆ ಬರುತ್ತದೆ. ಇಂದೇ ಕೊಡಿ. ಮೂಲ ಫೈಲ್, ತೆಗೆದ ದಿನಾಂಕ, ಆ ರೀಲಿನ ಲಿಂಕ್ ಇಟ್ಟುಕೊಂಡು ಫಾರಂ ತುಂಬಿ. ಆ ಪೇಜಿನವರ ಕಾಮೆಂಟಿಗೆ ಹೋಗಿ ಜಗಳ ಮಾತ್ರ ಆಡಬೇಡಿ. ನೀವು ಹಾಕುವ ಪ್ರತಿ ಕಾಮೆಂಟ್ ಆ ರೀಲನ್ನು ಇನ್ನಷ್ಟು ಜನಕ್ಕೆ ತೋರಿಸುತ್ತದೆ. ವಾಟ್ಸಾಪಿಗೆ ಹೋದದ್ದನ್ನು ವಾಪಸ್ ತರಲು ಆಗುವುದಿಲ್ಲ. ಅದನ್ನು ಅವರಿಗೆ ನೇರವಾಗಿ ಹೇಳಿಬಿಡಿ.

ಕಾಮೆಂಟ್ ಅಂದೆನಲ್ಲ. ಮುಂಬಯಿಯಲ್ಲಿ ಕನ್ನಡ ಪೇಜ್ ನಡೆಸುವವರಿಗೆ ಬೇರೆಯವರಿಗಿಲ್ಲದ ಒಂದು ತಲೆನೋವಿದೆ. ಹಾರ ಕಟ್ಟುವವರ ಕತೆಯ ಕೆಳಗೆ ಮೂರನೇ ಕಾಮೆಂಟಿಗೇ ಬೆಳಗಾವಿ ಬರುತ್ತದೆ. ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ, ನಡುವೆ ಪಾಪ ಹೂವಿನವರ ಮುಖ. ಅವರು ಮರುದಿನ ಮರಾಠಿ ಗಿರಾಕಿಗೇ ಹಾರ ಮಾರಬೇಕು. ಬೈಗುಳದ ಪದಗಳನ್ನು ಮೂರೂ ಭಾಷೆಯಲ್ಲಿ ಫಿಲ್ಟರ್‌ಗೆ ಹಾಕಿಡಿ. ಮೊದಲ ದಿನ ನೀವು ಫೋನ್ ಹತ್ತಿರ ಇರಲು ಆಗದಿದ್ದರೆ ಕಾಮೆಂಟ್ ಮುಚ್ಚಿಯೇ ಹಾಕಿ. ಲೊಕೇಶನ್‌ನಲ್ಲಿ ‘ದಾದರ್’ ಎಂದಿದ್ದರೆ ಸಾಕು, ಎಷ್ಟನೇ ಗಾಳೆ (ಮಳಿಗೆ) ಎಂದು ಬೇಡ.

ದುಡ್ಡಿನ ಪ್ರಶ್ನೆಗೆ ಬರುತ್ತೇನೆ. ಕತೆಗೆ ದುಡ್ಡು ಕೊಡಬೇಡಿ. ಕೊಟ್ಟರೆ ಮುಂದಿನವರು ಇನ್ನೂ ದೊಡ್ಡ ಕಷ್ಟ ಹೇಳಬೇಕಾಗುತ್ತದೆ. ಸಮಯಕ್ಕೆ ಕೊಡಿ. ಅರ್ಧ ದಿನ ಕೆಲಸ ಬಿಡಿಸಿದ್ದರೆ ಅರ್ಧ ದಿನದ ಕೂಲಿ, ಅದು ಅವರ ಹಕ್ಕು. ಕತೆಯ ಜೊತೆ ಯುಪಿಐ ನಂಬರ್ ಹಾಕಿ ‘ಸಹಾಯ ಮಾಡಿ’ ಎನ್ನುವುದು ನನಗೆ ಸರಿಬರುವುದಿಲ್ಲ. 2015ರಲ್ಲಿ ಸ್ಟಾಂಟನ್ ಒಬ್ಬ ಹುಡುಗನ ಫೋಟೋ ಹಾಕಿ, ಆಮೇಲೆ ಬ್ರೂಕ್ಲಿನ್‌ನ ಅವನ ಶಾಲೆಗಾಗಿ ಹತ್ತು ಲಕ್ಷ ಡಾಲರ್‌ಗೂ ಮೀರಿ ಹಣ ಕೂಡಿಸಿದರು. ಅಲ್ಲಿ ಹಣ ಹೋದದ್ದು ಒಂದು ಶಾಲೆಗೆ. ಒಬ್ಬ ಕೂಲಿಯವನ ಖಾತೆಗೆ ಅಪರಿಚಿತರ ಹಣ ಬಂದರೆ ಊರಲ್ಲಿ ಸಾಲ ಕೊಟ್ಟವರು, ನೆಂಟರು, ಮೋಸಗಾರರು ಎಲ್ಲರೂ ಫೋನ್ ಮಾಡುತ್ತಾರೆ. ಸಹಾಯ ಮಾಡಲೇಬೇಕಾದರೆ ನೀವೇ ನಿಂತು, ಸದ್ದಿಲ್ಲದೆ, ಮಗುವಿನ ಶಾಲೆಯ ಫೀಸನ್ನು ಶಾಲೆಗೇ ಕಟ್ಟಿ.

ಫೋಟೋದ ಪ್ರಿಂಟ್ ಮಾತ್ರ ತಪ್ಪದೆ ಕೊಡಿ. ಎರಡು ಕಟಿಂಗ್ ಚಹಾದ ಖರ್ಚು. ಪೋಸ್ಟ್ ಹಾಕಿದರೂ ಸರಿ, ಹಾಕದಿದ್ದರೂ ಸರಿ. ಎಷ್ಟೋ ಖೋಲಿಗಳಲ್ಲಿ ನಾನು ಕೊಟ್ಟ ಪ್ರಿಂಟ್ ದೇವರ ಪಟದ ಪಕ್ಕ ಕೂತಿದೆ. ಅವರ ಬಳಿ ಇರುವ ಒಂಟಿ ಫೋಟೋ ಎಂದರೆ ಆಧಾರ್ ಕಾರ್ಡಿನದು. ಅದರಲ್ಲಿ ಯಾರು ತಾನೇ ಚೆನ್ನಾಗಿ ಕಾಣುತ್ತಾರೆ?

ನಿಮ್ಮ ಹೂವಿನವರ ಹತ್ತಿರ ಒಮ್ಮೆ ಹೋಗಲೇಬೇಕು. ಫೋನಿನಲ್ಲಿ ‘ಸಾರಿ’ ಹೇಳಿದ್ದು ಸಾಲದು. ಕ್ಯಾಮೆರಾ ಬೇಡ. ಆ ನಗುವ ಫೋಟೋದ ಪ್ರಿಂಟ್ ಚೀಲದಲ್ಲಿರಲಿ, ಅವರು ಕೇಳಿದರೆ ಮಾತ್ರ ಹೊರಗೆ ತೆಗೆಯಿರಿ. ಕದ್ದ ರೀಲಿಗೆ ದೂರು ಕೊಟ್ಟಿದ್ದೇನೆ, ಇಷ್ಟು ಆಗಿದೆ, ಇಷ್ಟು ಆಗಲಿಲ್ಲ ಎಂದು ಇದ್ದದ್ದನ್ನು ಹೇಳಿ. ಊರಿಗೆ ಒಂದು ಫೋನ್ ಮಾಡಿ ‘ನಾನೇ ತಿಳಿಯದೆ ಬರೆದೆ’ ಅಂತ ಹೇಳಲಾ ಎಂದು ಕೇಳಿ. ಬೇಡ ಅಂದರೆ ಒತ್ತಾಯ ಬೇಡ. ಒಂದು ಮೊಳ ಮಲ್ಲಿಗೆ ಕೊಂಡು, ಪೂರ್ತಿ ದುಡ್ಡು ಕೊಟ್ಟು ಬನ್ನಿ. ಮಂಗಳವಾರ ಮಾತ್ರ ಹೋಗಬೇಡಿ. ಸಿದ್ಧಿವಿನಾಯಕನ ದಿನ, ದಾಸವಾಳ ಗರಿಕೆ ಕಟ್ಟುವ ಗಡಿಬಿಡಿಯಲ್ಲಿ ಅವರಿಗೆ ತಲೆ ಎತ್ತಲೂ ಆಗುವುದಿಲ್ಲ.